ಬೇರಿನೊಳಗಣ ಕವಲು

ಹುಡುಕದ ನಾಳ ಇಲ್ಲದ ನಾಳವಾಗುವುದಿಲ್ಲ.

ಹಲ್ಲಿಗೆ ಬೇರೆಷ್ಟು ಎಂಬುದು ಕಿತ್ತಾಗ ಕಾಣುತ್ತದೆ. ಬೇರಿನೊಳಗೆ ದಾರಿಯೆಷ್ಟು ಎಂಬುದು ಕಿತ್ತರೂ ಕಾಣುವುದಿಲ್ಲ. ಒಂದು ಬೇರು, ಎರಡು ನಾಳ: ಹಲ್ಲಿನ ವೈದ್ಯ ಎಡವುವ ಜಾಗ ಇದೇ.

ನಾಳದಲ್ಲಿರುವುದು ಹಲ್ಲಿನ ತಿರುಳು. ಮೂವತ್ತೆರಡು ಹಲ್ಲುಗಳ ತಿರುಳನ್ನು ಒಟ್ಟುಗೂಡಿಸಿದರೂ ಒಂದು ಘನ ಸೆಂಟಿಮೀಟರ್ ಆಗದು. ಒಂದು ಹಲ್ಲಿನ ಪಾಲು ಸರಾಸರಿ 0.02. ಗಟ್ಟಿ ಆಳನ್ನು ರಾತ್ರಿಯಿಡೀ ಹಾಸಿಗೆಯಲ್ಲಿ ಎಬ್ಬಿಸಿ ಕೂರಿಸಲು ಅಷ್ಟು ಸಾಕು.

ಮೈಯಲ್ಲಿ ಬೇರೆಲ್ಲಿ ಬಾವು ಬಂದರೂ ಚರ್ಮ ಉಬ್ಬಿ ಎಡೆ ಕೊಡುತ್ತದೆ. ತಿರುಳಿನ ಸುತ್ತ ಇರುವುದು ಡೆಂಟಿನ್ ಎಂಬ ಗಟ್ಟಿ ಗೋಡೆ, ಅದು ಕೊಡುವುದಿಲ್ಲ. ಉಬ್ಬಲು ಎಡೆ ಸಿಕ್ಕದ್ದು ನೋವಾಗುತ್ತದೆ.

ತಲೆ ತಗ್ಗಿದಾಗ ಹಲ್ಲಿನೊಳಗೆ ನೆತ್ತರ ಒತ್ತಡ ಏರುತ್ತದೆ. ಬನಹಟ್ಟಿಯಲ್ಲಿ ರಾತ್ರಿ ಪಾಳಿ ಪವರ್‌ಲೂಮ್ ಮುಂದೆ ನಿಂತವನಿಗೆ ನೋವು ಸಹಿಸುವಂಥದು. ಬೆಳಗಿನ ಜಾವ ಚಾಪೆಗೆ ಬಂದಾಗ ಸಹಿಸಲಾಗದ್ದು. ದುಡಿಯಲು ಬಿಟ್ಟ ಹಲ್ಲು ಮಲಗಲು ಬಿಡುವುದಿಲ್ಲ.

ತಿರುಳಿಗೆ ನೋವು ಗೊತ್ತು, ಜಾಗ ಗೊತ್ತಿಲ್ಲ. ಕೆಳದವಡೆಯ ನೋವನ್ನು ಮೇಲ್ದವಡೆಯದೆಂದು ತೋರಿಸಿದವನು ಸುಳ್ಳು ಹೇಳಿಲ್ಲ. ಕಿವಿ ನೋಯುತ್ತದೆಂದು ಬಂದವನೂ ಹೇಳಿಲ್ಲ. ಜಾಗ ಹೇಳುವ ನರಗಳು ಬೇರನ್ನು ಮೂಳೆಗೆ ಬಿಗಿದ ನಾರಿನಲ್ಲಿವೆ. ಸೋಂಕು ಅಲ್ಲಿಗೆ ಇಳಿದ ಮೇಲೆಯೇ ಬೆರಳು ಸರಿಯಾದ ಹಲ್ಲಿನ ಮೇಲೆ ಬೀಳುತ್ತದೆ. ರೋಗ ಮುಂದುವರಿದಷ್ಟೂ ರೋಗಿಯ ಮಾತು ಖಚಿತವಾಗುತ್ತದೆ.

ನೋವು ತಾನಾಗಿ ನಿಂತಿತೆಂದು ಹಿಗ್ಗುವವನ ತಿರುಳು ಬಹುಮಟ್ಟಿಗೆ ಸತ್ತಿರುತ್ತದೆ.

ಸತ್ತ ತಿರುಳಿಗೆ ನೋವಿಲ್ಲ. ಸತ್ತ ತಿರುಳಿನಿಂದ ನೋವುಂಟು. ಈ ಎರಡರ ನಡುವೆ ಕೆಲವರಿಗೆ ವಾರಗಳು ಸಿಕ್ಕುತ್ತವೆ, ಕೆಲವರಿಗೆ ವರ್ಷಗಳು. ಆ ಬಿಡುವಿನಲ್ಲಿ ದವಾಖಾನೆಗೆ ಬಂದವರು ಕಡಿಮೆ.

"ಹಲ್ಲಿಗೆ ಹುಳಾ ಬಿದ್ದಾವ" ಎಂಬ ನಂಬಿಕೆ ಹಳೆಯದು. ಸುಶ್ರುತ ಸಂಹಿತೆಯ ದಂತರೋಗಗಳಲ್ಲಿ ಕ್ರಿಮಿದಂತವಿದೆ. ಫ್ರಾನ್ಸಿನ ಪಿಯರ್ ಫೋಶಾರ್ 1728ರ ತನ್ನ ಗ್ರಂಥದಲ್ಲಿ, ಹುಡುಕಿದರೂ ಹುಳ ಕಾಣಲಿಲ್ಲವೆಂದು ಅದನ್ನು ಬದಿಗಿಟ್ಟ. 1965ರಲ್ಲಿ ಕಾಕೆಹಾಶಿ ಮತ್ತು ಸಂಗಡಿಗರು, ರೋಗಾಣುವಿನ ಸೋಂಕೇ ಇಲ್ಲದೆ ಬೆಳೆಸಿದ ಇಲಿಗಳ ಹಲ್ಲು ಕೊರೆದು ತಿರುಳನ್ನು ಬಾಯಿಗೆ ತೆರೆದಿಟ್ಟರು. ಅದು ತಾನೇ ಮಾಯ್ದು ಮುಚ್ಚಿಕೊಂಡಿತು. ಸಾಧಾರಣ ಇಲಿಗಳ ತಿರುಳು ಕೊಳೆಯಿತು. ಹಳ್ಳಿಯ ನಂಬಿಕೆ ತಪ್ಪಿದ್ದು ಹುಳದ ಗಾತ್ರದಲ್ಲಿ.

ಅಜ್ಜಿ ಹಲ್ಲಿನ ತೂತಿಗೆ ಒತ್ತಿದ ಲವಂಗದಲ್ಲಿ ಯೂಜಿನಾಲ್ ಇದೆ. ದವಾಖಾನೆಯ ತಾತ್ಕಾಲಿಕ ಸಿಮೆಂಟಿನಲ್ಲೂ ಅದೇ ಇದೆ. ಎರಡೂ ನರವನ್ನು ತಣಿಸುತ್ತವೆ. ಎರಡೂ ನಾಳವನ್ನು ತೊಳೆಯುವುದಿಲ್ಲ.

ತಂಬಾಕು ಒತ್ತಿಕೊಂಡವನು ನೋವು ಮರೆತ. ಹಲ್ಲು ತನ್ನ ಕೆಲಸ ಮರೆಯಲಿಲ್ಲ.

ಜ್ಯೂರಿಕ್‌ನ ವಾಲ್ಟರ್ ಹೆಸ್ ಕಿತ್ತ ಹಲ್ಲುಗಳ ಒಳಕ್ಕೆ ರಬ್ಬರ್ ಒತ್ತಿ, ಗಟ್ಟಿಗೊಳಿಸಿ, ಹಲ್ಲನ್ನು ಆಮ್ಲದಲ್ಲಿ ಕರಗಿಸಿದ. ಕರಗಿದ ಮೇಲೆ ಉಳಿದದ್ದು ಟೊಳ್ಳಿನ ಅಚ್ಚು. 1917ರಲ್ಲಿ ಅವನು ಅಚ್ಚು ಹಾಕಿಸಿದ ಚಿತ್ರಗಳಲ್ಲಿ ನೆಟ್ಟನೆಯ ಕೊಳವೆ ವಿರಳ: ಕವಲು, ಕವಲನ್ನು ಕೂಡಿಸುವ ತೆಳು ಹಾಳೆ, ಪಕ್ಕಕ್ಕೆ ಹೊರಟ ಕಿರುನಾಳ, ತುದಿಯಲ್ಲಿ ಸೀಳಿದ ಎಳೆಗಳು. ಹಲ್ಲು ಇಲ್ಲವಾದಾಗ ಹಲ್ಲಿನ ಒಳಗು ಕಂಡಿತು.

ಅದಕ್ಕೆ ಮೊದಲು ನಾಳವನ್ನು ಒಂದು ಗೆರೆಯೆಂದು ಬರೆದವರು ಹಲ್ಲನ್ನು ನೋಡಿರಲಿಲ್ಲವೆಂದಲ್ಲ. ಬರೆಯಲು ಸುಲಭವಾದದ್ದನ್ನು ನೋಡಿದ್ದರು.

ಫ್ಲಾರಿಡಾದ ಫ್ರಾಂಕ್ ವರ್ಟುಚಿ 2,400 ಹಲ್ಲುಗಳ ಸುಣ್ಣ ತೆಗೆದು, ನಾಳಕ್ಕೆ ಬಣ್ಣ ಹಾಯಿಸಿ, ಪಾರದರ್ಶಕ ಮಾಡಿ ನೋಡಿದ. 1984ರಲ್ಲಿ ಎಂಟು ಬಗೆ ಎಂದ. 2004ರಲ್ಲಿ ಟರ್ಕಿಯ ಇಬ್ಬರು ಇನ್ನೂ ಹದಿನಾಲ್ಕು ಸೇರಿಸಿದರು. ಪರೀಕ್ಷೆಗೆ ಎಂಟು ಸಾಕು. ಬಾಯಿಗೆ ಇಪ್ಪತ್ತೆರಡೂ ಸಾಲದು.

ಎರಡಾಗಿ ಹೊರಟು ತುದಿಗೆ ಒಂದಾಗುವುದು ವರ್ಟುಚಿಯ ಎರಡನೆಯ ಬಗೆ; ಚಿಕ್ಕಸಂಗಮದಲ್ಲಿ ಘಟಪ್ರಭೆ ಕೃಷ್ಣೆಗೆ ಕೂಡಿದ ಹಾಗೆ. ಒಂದಾಗಿ ಹೊರಟು ಕೆಳಗೆ ಎರಡಾಗುವುದು ಐದನೆಯ ಬಗೆ; ನದಿಗೆ ಅದು ಅಪರೂಪ, ಹಲ್ಲಿಗೆ ಸಾಮಾನ್ಯ. ಕೂಡುವ ನಾಳದಲ್ಲಿ ಒಂದನ್ನು ಮರೆತರೂ ಹೊರಬಾಗಿಲು ಮುಚ್ಚಬಹುದು. ಒಡೆಯುವ ನಾಳದಲ್ಲಿ ಒಂದನ್ನು ಮರೆತರೆ ಒಂದು ಬಾಗಿಲು ತೆರೆದೇ ಉಳಿಯುತ್ತದೆ.

ಮೇಲಿನ ನಡುವಿನ ಬಾಚಿಹಲ್ಲು ಒಂದು ಬೇರು, ಒಂದು ನಾಳ, ಬಹುಪಾಲು ನೇರ. ಕಲಿಯುವವನ ಕೈಗೆ ಮೊದಲು ಕೊಡುವುದು ಇದನ್ನೇ. ಇಲ್ಲಿ ಕಲಿತ ಧೈರ್ಯವನ್ನು ದವಡೆಗೆ ಒಯ್ಯಬಾರದು.

ಅದರ ಪಕ್ಕದ ಬಾಚಿಹಲ್ಲಿನ ಬೇರು ತುದಿಯಲ್ಲಿ ಹಿಂದಕ್ಕೂ ಅಂಗುಳಿನ ಕಡೆಗೂ ಬಾಗುತ್ತದೆ. ಹಿಂದಕ್ಕೆ ಬಾಗಿದ್ದನ್ನು ಎಕ್ಸ್‌ರೇ ತೋರಿಸುತ್ತದೆ. ಅಂಗುಳಿಗೆ ಬಾಗಿದ್ದನ್ನು ಅಂಗುಳಿನಲ್ಲಿ ಎದ್ದ ಕೀವು ತೋರಿಸುತ್ತದೆ.

ಮೇಲಿನ ಕೋರೆಹಲ್ಲು ಬಾಯಲ್ಲೇ ಉದ್ದ, ಸರಾಸರಿ 27 ಮಿಲಿಮೀಟರ್ ಹತ್ತಿರ. ನಾಳ ಉಜ್ಜುವ ಸೂಜಿಯಂಥ ಫೈಲ್ 25 ಮಿಲಿಮೀಟರಿನದಾದರೆ ಅದರ ತುದಿ ಮುಟ್ಟದು, 31ರದ್ದು ಬೇಕು. ಬೋಳಾದ ಮುದಿ ಬಾಯಲ್ಲಿ ಕಡೆಗೆ ಉಳಿದು ನಿಲ್ಲುವುದು ಹೆಚ್ಚಾಗಿ ಕೋರೆಹಲ್ಲೇ.

ಕೋರೆಹಲ್ಲಿನ ಹಿಂದಿನ ಎರಡು, ಮುಂದವಡೆ ಹಲ್ಲುಗಳು. ಮೇಲಿನ ಮೊದಲನೆಯದಕ್ಕೆ ಸಾಮಾನ್ಯವಾಗಿ ಎರಡು ನಾಳ. ಒಂದೇ ಕಂಡರೆ ಇನ್ನೊಂದು ಕಂಡಿಲ್ಲವೆಂದು ತಿಳಿಯಬೇಕು. ಎರಡನೆಯದು ನಾಲ್ಕರಲ್ಲಿ ಮೂರು ಸಲ ಒಂದೇ ಬಾಯಾಗಿ ತುದಿಗೆ ತೆರೆಯುತ್ತದೆ. ಅಕ್ಕಪಕ್ಕದ ಹಲ್ಲುಗಳು, ಎರಡು ನಿಯಮ.

ಕೆಳಗಿನ ಬಾಚಿಹಲ್ಲು ಬಾಯಲ್ಲೇ ಸಣ್ಣದು. ಅದರ ಬೇರು ಮುಂದಿನಿಂದ ಕಿರಿದು, ಪಕ್ಕದಿಂದ ಅಗಲ. ಎಕ್ಸ್‌ರೇ ನೋಡುವುದು ಮುಂದಿನಿಂದ. ಹೀಗಾಗಿ ನಾಲ್ಕರಲ್ಲಿ ಒಂದರಷ್ಟು ಹಲ್ಲುಗಳಲ್ಲಿರುವ ಎರಡನೆಯ ನಾಳ ಮೊದಲನೆಯದರ ಬೆನ್ನಿಗೆ ಅಡಗಿ ಕೂರುತ್ತದೆ. ಅದಿರುವುದು ನಾಲಗೆಯ ಕಡೆ, ಡೆಂಟಿನ್‌ನ ಒಂದು ದಿಣ್ಣೆಯ ಕೆಳಗೆ. ದಿಣ್ಣೆ ತೆಗೆಯದೆ ನಾಳ ಸಿಕ್ಕದು. ಹೆಚ್ಚು ತೆಗೆದರೆ ಹಲ್ಲು ಉಳಿಯದು. ಸಣ್ಣ ಹಲ್ಲು ಸುಲಭದ ಹಲ್ಲಲ್ಲ ಎಂಬುದನ್ನು ಪುಸ್ತಕ ಒಂದು ಸಾಲಿನಲ್ಲಿ ಹೇಳುತ್ತದೆ. ಕೈ ಹಲವು ಹಲ್ಲು ಕಂಡ ಮೇಲೆ ಒಪ್ಪುತ್ತದೆ.

ಹೆಚ್ಚಿನ ಸಲ ಆ ಎರಡೂ ತುದಿಗೆ ಕೂಡುತ್ತವೆ. ಹೆಚ್ಚಿನ ಸಲ ಎಂಬ ಮಾತನ್ನು ನೆಚ್ಚಿಕೊಂಡು ಕುರ್ಚಿಯಲ್ಲಿ ಕೂತವನ ಹಲ್ಲನ್ನು ಮುಚ್ಚಬಾರದು. ಅವನಿಗೆ ಇರುವುದು ಆ ಒಂದೇ ಹಲ್ಲು.

ಕೆಳಗಿನ ಮೊದಲ ಮುಂದವಡೆ ಹಲ್ಲು ಮೇಲೆ ಒಂದೇ ಬಾಯಿ ತೋರಿಸಿ, ಅರ್ಧ ದಾರಿ ಇಳಿದ ಮೇಲೆ ಕವಲೊಡೆಯುತ್ತದೆ. ನಾಲ್ಕರಲ್ಲಿ ಒಂದರಷ್ಟಕ್ಕೆ ಹೀಗೆ. ಎಕ್ಸ್‌ರೇಯಲ್ಲಿ ಚೆನ್ನಾಗಿ ಇಳಿಯುತ್ತಿದ್ದ ಕಪ್ಪು ಗೆರೆ ನಡುವೆ ಥಟ್ಟನೆ ಮಾಯವಾದರೆ ನಾಳ ಮುಗಿದಿಲ್ಲ, ಒಡೆದಿದೆ. ಈ ಹಲ್ಲಿನಲ್ಲಿ ಕಾಣದ್ದೇ ಕುರುಹು.

ಮೇಲಿನ ಮೊದಲ ದವಡೆಹಲ್ಲಿಗೆ ಮೂರು ಬೇರು. ಮೂರು ಬೇರಿಗೆ ಮೂರು ನಾಳವೆಂದು ಬಹುಕಾಲ ನಂಬಿದರು; ಮೂರನ್ನು ತೊಳೆದು ತುಂಬಿದರು; ಕೆಲವು ಹಲ್ಲು ಮಾತ್ರ ಕಾರಣವಿಲ್ಲದೆ ನೋಯುತ್ತಲೇ ಇದ್ದವು. ಕಾರಣ ಕೆನ್ನೆ ಕಡೆಯ ಮುಂದಿನ ಬೇರಿನಲ್ಲಿತ್ತು. ಆ ಬೇರು ಚಪ್ಪಟೆ. ಚಪ್ಪಟೆ ಬೇರಿನಲ್ಲಿ ಒಂದು ನಾಳವಿದೆ ಎನ್ನುವವನು ಎರಡನೆಯದು ಇಲ್ಲವೆಂದು ತೋರಿಸಿಕೊಡಬೇಕು.

1969ರಲ್ಲಿ ಅಮೆರಿಕದ ವೈನ್ ಮತ್ತು ಸಂಗಡಿಗರು ಅಂಥ 208 ಬೇರುಗಳನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ತುಸು ಹೆಚ್ಚಿನವುಗಳಲ್ಲಿ ಎರಡನೆಯ ನಾಳವಿತ್ತು. ಸೂಕ್ಷ್ಮದರ್ಶಕ ಬಂತು, ಸಂಖ್ಯೆ ಏರಿತು. ಮೂರು ಆಯಾಮದ ಸ್ಕ್ಯಾನ್ ಬಂತು, ಇನ್ನೂ ಏರಿತು. ಹಲ್ಲು ಬದಲಾಗಿರಲಿಲ್ಲ.

ಆ ನಾಲ್ಕನೆಯ ನಾಳದ ಬಾಯಿ ಮೊದಲನೆಯದರಿಂದ ಅಂಗುಳಿನ ಕಡೆಗೆ ಎರಡು ಮಿಲಿಮೀಟರ್ ಆಸುಪಾಸಿನಲ್ಲಿ, ಡೆಂಟಿನ್‌ನ ಒಂದು ಚಾಚಿನಡಿ ಇರುತ್ತದೆ. ಆ ಹಲ್ಲಿನ ನಾಳಗಳಲ್ಲೆಲ್ಲ ಅತಿ ಕಿರಿದು ಅದು. ಅದರೊಳಗೆ ಇಳಿಯುವ ನೇರಳೆ ಬಣ್ಣದ ಫೈಲಿನ ತುದಿ 0.10 ಮಿಲಿಮೀಟರ್. ಒತ್ತಿದರೆ ಬಾಗುತ್ತದೆ, ಬೆರಳಿನ ನಡುವೆ ಅತ್ತಿತ್ತ ತಿರುವಿದರೆ ಹೋಗುತ್ತದೆ. ಬಲ ಇಲ್ಲಿ ದಾರಿ ಮುಚ್ಚುತ್ತದೆ.

ಅದೇ ಹಲ್ಲಿನ ಅಂಗುಳ ಬೇರು ಎಲ್ಲಕ್ಕಿಂತ ದಪ್ಪ, ಎಲ್ಲಕ್ಕಿಂತ ಸುಲಭ. ಅದರ ತುದಿ ಕೆನ್ನೆಯ ಕಡೆ ಬಾಗಿರುವುದು ಎಕ್ಸ್‌ರೇಗೆ ತಿಳಿಯುವುದಿಲ್ಲ. ಸುಲಭವೆಂದು ನುಗ್ಗಿದ ಫೈಲ್ ಬಾಗಿನಲ್ಲಿ ಮೆಟ್ಟಿಲು ಕೊರೆಯುತ್ತದೆ. ಕಷ್ಟದ ನಾಳದಲ್ಲಿ ಎಚ್ಚರ ತಾನಾಗಿ ಬರುತ್ತದೆ. ಸುಲಭದ ನಾಳದಲ್ಲಿ ಕರೆದು ತರಬೇಕು.

ಮೇಲಿನ ದವಡೆ ಬೇರುಗಳ ನೆತ್ತಿಗೆ ಮುಖದ ಗಾಳಿಕೋಣೆ. ಕೆಳಗಿನ ದವಡೆ ಬೇರುಗಳ ಬುಡಕ್ಕೆ ತುಟಿಯ ನರ. ನಾಳದ ತುದಿ ದಾಟುವುದೆಂದರೆ ಹಲ್ಲನ್ನಷ್ಟೇ ದಾಟುವುದಲ್ಲ.

ಕೆಳಗಿನ ಮೊದಲ ದವಡೆಹಲ್ಲಿನ ಮುಂದಿನ ಬೇರಿಗೆ ಎರಡು ನಾಳ, ಹಿಂದಿನದಕ್ಕೆ ಒಂದು. ಮೂರರಲ್ಲಿ ಒಂದರ ಹತ್ತಿರದಷ್ಟು ಹಲ್ಲುಗಳಲ್ಲಿ ಹಿಂದಿನದಕ್ಕೂ ಎರಡು. ಹಿಂದಿನ ನಾಳದ ಬಾಯಿ ನಟ್ಟನಡುವೆ ಇಲ್ಲದೆ ಒಂದು ಪಕ್ಕಕ್ಕೆ ಸರಿದಿದ್ದರೆ ಇನ್ನೊಂದು ಪಕ್ಕದಲ್ಲಿ ಅದರ ಜೊತೆಯದಿದೆ. ಹಲ್ಲಿನ ತಳದಲ್ಲಿ ಓರೆ ಎಂಬುದು ಸುಮ್ಮನೆ ಇರುವುದಿಲ್ಲ.

ಕೆಲವು ಕೆಳದವಡೆಹಲ್ಲುಗಳಿಗೆ ನಾಲಗೆ ಕಡೆ ಹಿಂಬದಿಯಲ್ಲಿ ಮೂರನೆಯ ಪುಟ್ಟ ಬೇರು. 1844ರಲ್ಲಿ ಕಾರಾಬೆಲ್ಲಿ ಇದನ್ನು ಬರೆದಿಟ್ಟ. ಪೂರ್ವ ಏಷ್ಯಾದವರಲ್ಲಿ ಇದು ಬಹಳ, ಯುರೋಪಿನವರಲ್ಲಿ ವಿರಳ. ಯುರೋಪಿನಲ್ಲಿ ಬರೆದ ಪುಸ್ತಕ ಓದಿ ಜಮಖಂಡಿಯ ಬಾಯಿ ತೆರೆಯುವವನು ಪುಸ್ತಕ ಯಾರ ಹಲ್ಲು ಎಣಿಸಿತೆಂದು ಕೇಳಿಕೊಳ್ಳಬೇಕು.

ಕೆಳಗಿನ ಎರಡನೆಯ ದವಡೆಹಲ್ಲಿನಲ್ಲಿ ಕೆಲವೊಮ್ಮೆ ನಾಳಗಳೇ ಬೇರೆ ಬೇರೆ ಇರುವುದಿಲ್ಲ. ಬೇರುಗಳು ಬೆಸೆದು, ಒಳಗೆ ಇಂಗ್ಲಿಷಿನ ಸಿ ಅಕ್ಷರದ ಆಕಾರದ ಒಂದೇ ಸೀಳು. 1979ರಲ್ಲಿ ಕುಕ್ ಮತ್ತು ಕಾಕ್ಸ್ ವರದಿ ಮಾಡಿದ್ದು ಇದನ್ನು. ಚೀನೀಯರಲ್ಲಿ, ಕೊರಿಯನ್ನರಲ್ಲಿ ಹೆಚ್ಚು; ನಮ್ಮಲ್ಲಿ ಕಡಿಮೆ, ಇಲ್ಲವೆನ್ನುವಷ್ಟು ಕಡಿಮೆಯಲ್ಲ. ನಾಳ ಎಣಿಸಲು ಕಲಿತವನಿಗೆ ಎಣಿಸಲಾಗದ ನಾಳ ಎದುರಾದಾಗ ಕಲಿತದ್ದೇ ಅಡ್ಡ ಬರುತ್ತದೆ.

ಜ್ಞಾನದಂತಕ್ಕೆ ನಿಯಮವಿಲ್ಲ.

ಎಕ್ಸ್‌ರೇ ಸುಳ್ಳು ಹೇಳುವುದಿಲ್ಲ. ಪೂರ್ತಿ ಹೇಳುವುದೂ ಇಲ್ಲ. ಉದ್ದ ಅಗಲ ಕೊಟ್ಟು ಆಳ ನುಂಗುತ್ತದೆ. ಕಿರಣವನ್ನು ಇಪ್ಪತ್ತು ಡಿಗ್ರಿ ಓರೆ ಮಾಡಿ ಇನ್ನೊಂದು ಚಿತ್ರ ತೆಗೆದರೆ ಹಿಂದಿನದು ಮುಂದಿನದರ ಬೆನ್ನಿನಿಂದ ಸರಿದು ಹೊರಬರುತ್ತದೆ. ದೊಡ್ಡ ಯಂತ್ರವಿಲ್ಲದ ಊರಿನಲ್ಲೂ ಕೋನವಿದೆ.

1896ರಲ್ಲಿ ಜರ್ಮನಿಯ ಓಟೋ ವಾಲ್ಕಾಫ್ ತನ್ನ ಹಲ್ಲಿನ ಎಕ್ಸ್‌ರೇಗಾಗಿ 25 ನಿಮಿಷ ಅಲುಗದೆ ಮಲಗಿದ್ದ. ಇಂದು ಒಂದು ಸೆಕೆಂಡೂ ಬೇಡ. ಎರಡನೆಯ ಚಿತ್ರಕ್ಕೆ ಬೇಸರಿಸುವವರು ಇಂದಿನವರು.

ಹಲ್ಲಿನ ತಿರುಳುಕೋಣೆಯ ನೆಲ ಗೋಡೆಗಿಂತ ಕಪ್ಪು. ನಾಳದ ಬಾಯಿ ಸಿಕ್ಕುವುದು ನೆಲ ಮತ್ತು ಗೋಡೆ ಕೂಡುವ ಅಂಚಿನಲ್ಲಿ, ನೆಲದ ಗೆರೆಗಳ ಕೊನೆಯಲ್ಲಿ. 2004ರಲ್ಲಿ ಕ್ರಾಸ್ನರ್ ಮತ್ತು ರ‍್ಯಾಂಕೋ 500 ಹಲ್ಲುಗಳನ್ನು ಕೊಯ್ದು ನೋಡಿ ಇದನ್ನು ನಿಯಮವಾಗಿ ಬರೆದರು. ಅದುವರೆಗೆ ಕೊರೆಯುವ ಬುರ್ರಿನ ಮೊನೆಯಿಂದ ಹುಡುಕುತ್ತಿದ್ದದ್ದನ್ನು ಅವರು ಕಣ್ಣಿನಿಂದ ಹುಡುಕಲು ಹೇಳಿದರು. ಹಲ್ಲು ತನ್ನ ನಕ್ಷೆಯನ್ನು ತನ್ನ ನೆಲದ ಮೇಲೆ ಬರೆದಿಟ್ಟುಕೊಂಡಿದೆ. ನೆಲವನ್ನು ಕೊರೆದವನು ನಕ್ಷೆಯನ್ನು ಅಳಿಸಿದ.

ಬೇರು ಮುಗಿಯುವಲ್ಲಿ ನಾಳ ಮುಗಿಯುವುದಿಲ್ಲ. 1955ರಲ್ಲಿ ಕಟ್ಲರ್ ಅಳೆದು ತೋರಿಸಿದ: ನಾಳದ ಹೊರಬಾಯಿ ಬೇರಿನ ತುದಿಯಿಂದ ಪಕ್ಕಕ್ಕೆ ಸರಿದಿರುತ್ತದೆ, ವಯಸ್ಸಾದಷ್ಟೂ ಹೆಚ್ಚು ಸರಿಯುತ್ತದೆ. ಆ ಬಾಯಿಗೆ ಅರ್ಧ ಮಿಲಿಮೀಟರ್ ಮುಂಚೆ ಅತಿ ಕಿರಿದಾದ ಕೊರಳು. ನಿಲ್ಲಬೇಕಾದದ್ದು ಅಲ್ಲಿ. ಇಡೀ ವಿದ್ಯೆ ಅರ್ಧ ಮಿಲಿಮೀಟರಿನ ಸಂಯಮಕ್ಕೆ ಬಂದು ನಿಲ್ಲುತ್ತದೆ.

ಅಷ್ಟರಲ್ಲೇ ನಿಲ್ಲಲು ಕಣ್ಣು ಸಾಲದೆಂದು 1962ರಲ್ಲಿ ಜಪಾನಿನ ಸುನಾಡಾ ವಿದ್ಯುತ್ತನ್ನು ಕೇಳಿದ. ತುಟಿಗೆ ಒಂದು ತಂತಿ, ಫೈಲಿಗೆ ಒಂದು. ತುದಿ ಮುಟ್ಟಿದಾಗ ತಡೆ ಎಲ್ಲರ ಬಾಯಲ್ಲೂ ಹೆಚ್ಚುಕಡಿಮೆ ಒಂದೇ. ನಾಳಗಳು ಕೋಟಿ ಬಗೆ. ಮೈಯ ಒಳಗಿನ ತೇವ ಒಂದೇ ಬಗೆ.

ನೇರ ನಾಳ ಎಂಬುದು ಬಾಗು ಕಾಣದ ಕಡೆಯಿಂದ ನೋಡಿದ ನಾಳ.

ಉಕ್ಕಿನ ಫೈಲ್ ದಪ್ಪವಾದಷ್ಟೂ ಬಾಗಲು ಒಲ್ಲದು. ಬಾಗಿದ ನಾಳವನ್ನು ನೇರ ಮಾಡಹೋಗಿ ಪಕ್ಕದ ಗೋಡೆ ಸೀಳುತ್ತದೆ. 1988ರಲ್ಲಿ ವಾಲಿಯಾ ಮತ್ತು ಸಂಗಡಿಗರು ನಿಕಲ್-ಟೈಟಾನಿಯಂ ತಂತಿಯಿಂದ ಫೈಲ್ ಮಾಡಿದರು. ಅದು ನಾಳದ ಜೊತೆ ಬಾಗಿತು. ಬಾಗುವ ಲೋಹ ಮುನ್ಸೂಚನೆಯಿಲ್ಲದೆ ಮುರಿಯುತ್ತದೆ. ಉಕ್ಕು ಮುರಿಯುವ ಮುಂಚೆ ತಿರುಚಿ ತೋರಿಸುತ್ತದೆ. ಯಾವ ಗುಣವೂ ಪುಕ್ಕಟೆ ಸಿಕ್ಕುವುದಿಲ್ಲ.

ಫೈಲ್ ನಾಳದ ಗೋಡೆಯನ್ನೆಲ್ಲ ಮುಟ್ಟುತ್ತದೆ ಎಂಬುದು ಕೈಯ ಭ್ರಮೆ. 2001ರಲ್ಲಿ ಪೀಟರ್ಸ್ ಮತ್ತು ಸಂಗಡಿಗರು ಸ್ಕ್ಯಾನ್ ಮಾಡಿ ನೋಡಿದಾಗ ಗೋಡೆಯ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮುಟ್ಟದೆ ಉಳಿದಿತ್ತು. ನಾಳ ದುಂಡಗಿಲ್ಲ, ಫೈಲ್ ದುಂಡಗಿದೆ.

ಮುಟ್ಟದ ಜಾಗಕ್ಕೆ ದ್ರಾವಣವೇ ಗತಿ. ನೂಲಿಗೂ ಬಟ್ಟೆಗೂ ಬಿಳುಪು ಕೊಡುವ ಸೋಡಿಯಂ ಹೈಪೋಕ್ಲೋರೈಟ್ ನಾಳದಲ್ಲಿ ಸತ್ತ ತಿರುಳನ್ನು ಕರಗಿಸುತ್ತದೆ, ರೋಗಾಣುವನ್ನು ಕೊಲ್ಲುತ್ತದೆ. ತುದಿ ದಾಟಿ ಹೊರಬಿದ್ದರೆ ಬದುಕಿದ ಮಾಂಸವನ್ನೂ ಬಿಡುವುದಿಲ್ಲ. ಸತ್ತದ್ದು ಬದುಕಿದ್ದು ಅದಕ್ಕೆ ತಿಳಿಯದು; ಪಿಚಕಾರಿ ಹಿಡಿದವನಿಗೆ ತಿಳಿದಿರಬೇಕು.

ಉಪಕರಣ ನಾಳಕ್ಕೆ ಆಕಾರ ಕೊಡುತ್ತದೆ. ಶುದ್ಧಿ ಕೊಡುವುದು ಕಾಯುವಿಕೆ. ದ್ರಾವಣ ಕೆಲಸ ಮಾಡಲು ತೆಗೆದುಕೊಳ್ಳುವ ಹೊತ್ತನ್ನು ಹೊರಗೆ ಕೂತ ಸರದಿ ಕಡಿಮೆ ಮಾಡಲಾರದು.

ಹಲ್ಲನ್ನು ಬಾಯಿಂದ ಬೇರೆ ಮಾಡಿ ಕೆಲಸ ಮಾಡುವ ರಬ್ಬರ್ ಹಾಳೆ 1864ರಿಂದ ಇದೆ. ನ್ಯೂಯಾರ್ಕಿನ ಬಾರ್ನಮ್ ತಂದದ್ದು. ಅದಿಲ್ಲದೆ ನಾಳ ತೊಳೆಯುವಲ್ಲಿ ಒಂದು ಕೈ ತೊಳೆದದ್ದನ್ನು ಎಂಜಲು ಮತ್ತೆ ತುಂಬುತ್ತದೆ. ಹಾಳೆ ಹಾಕಲು ಕೆಲವೇ ನಿಮಿಷ ಸಾಕು. ಈ ನಿಮಿಷಗಳನ್ನು ಉಳಿಸಿ ಸಂಪಾದಿಸಿದ್ದೇನೆಂದು ಯಾರೂ ಹೇಳಿದ್ದಿಲ್ಲ.

ತೊಳೆದ ನಾಳಕ್ಕೆ ತುಂಬುವುದು ಮಲಯದ ಒಂದು ಮರದ ಹಾಲು. 1867ರಲ್ಲಿ ಬೌಮನ್ ಬೇರುನಾಳಕ್ಕೆ ತುಂಬಿದ ಆ ಗಟ್ಟಾ ಪರ್ಚಾವನ್ನು ಇಂದಿಗೂ ಕೈಬಿಟ್ಟಿಲ್ಲ. ಮೈ ಅದನ್ನು ಒಪ್ಪುವುದೂ ಇಲ್ಲ, ಒಲ್ಲೆನ್ನುವುದೂ ಇಲ್ಲ, ಸಹಿಸುತ್ತದೆ. ತುಂಬುವ ವಸ್ತುವಿಗೆ ಅದಕ್ಕಿಂತ ದೊಡ್ಡ ಯೋಗ್ಯತೆ ಬೇಡ.

"ನರಾ ತಗದ ಸಿಮೆಂಟ್ ತುಂಬ್ಯಾರ" ಎನ್ನುತ್ತಾರೆ ಬೀಳಗಿಯ ಜನ. ತೆಗೆದದ್ದು ನರವಷ್ಟೇ ಅಲ್ಲ, ರಕ್ತನಾಳ, ಜೀವಕೋಶ, ಹಲ್ಲನ್ನು ಒಳಗಿನಿಂದ ಕಟ್ಟುತ್ತಿದ್ದ ಸಾಲು. ಅದು ಹೋದ ಮೇಲೂ ಹಲ್ಲು ನಿಲ್ಲುತ್ತದೆ. ಹಲ್ಲನ್ನು ಹಿಡಿದಿರುವ ನಾರು ಬೇರಿನ ಹೊರಗಿದೆ. ತಿರುಳು ಸತ್ತದ್ದು ಅದಕ್ಕೆ ಲೆಕ್ಕವಿಲ್ಲ.

ಆರನೆಯ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಒಂದು ದವಡೆಹಲ್ಲು ಹುಟ್ಟುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬಿದ್ದಿರುವುದಿಲ್ಲ; ಹೀಗಾಗಿ ಇದೂ ಹಾಲುಹಲ್ಲೆಂದೇ ಮನೆಯವರು ತಿಳಿಯುತ್ತಾರೆ. ಬೀಳುವ ಹಲ್ಲಿಗೆ ಖರ್ಚು ಯಾಕೆ ಎನ್ನುತ್ತಾರೆ. ಅದು ಬೀಳುವ ಹಲ್ಲಲ್ಲ. ಮೊದಲು ಬಂದ ಶಾಶ್ವತ ಹಲ್ಲೇ ಎಷ್ಟೋ ಬಾಯಿಗಳಲ್ಲಿ ಮೊದಲು ಹೋಗುತ್ತದೆ.

ಅದರ ಬೇರು ಪೂರ್ತಿಯಾಗುವುದು ಒಂಬತ್ತು ಹತ್ತಕ್ಕೆ. ಹುಳುಕು ಅದಕ್ಕಿಂತ ಮುಂಚೆ ತಿರುಳು ಮುಟ್ಟಿದರೆ ಬೇರು ಅರ್ಧಕ್ಕೆ ನಿಲ್ಲುತ್ತದೆ: ಗೋಡೆ ತೆಳು, ತುದಿ ಬಾಯಿ ತೆರೆದದ್ದು, ತುಂಬಿದ್ದು ನಿಲ್ಲಲು ತಳವಿಲ್ಲದ್ದು. 1993ರಲ್ಲಿ ಬಂದ ಎಂಟಿಎ ಸಿಮೆಂಟು ಅಲ್ಲಿ ತಳ ಕಟ್ಟುತ್ತದೆ. ಬದುಕಿದ ತಿರುಳು ಕಟ್ಟುವ ಬೇರನ್ನು ಅದು ಕಟ್ಟಿಕೊಡಲಾರದು. ಮಗುವಿನ ಹಲ್ಲಿನಲ್ಲಿ ತಿರುಳು ತೆಗೆಯುವುದು ಕಡೆಯ ಕೆಲಸ, ಉಳಿಸುವುದು ಮೊದಲ ಕೆಲಸ.

ಕಬ್ಬಿನ ಹಂಗಾಮಿನಲ್ಲಿ ಮುಧೋಳದ ರಸ್ತೆಯಲ್ಲಿ ಟ್ರ್ಯಾಕ್ಟರಿನ ಹಿಂದೆ ಓಡಿ ಕಬ್ಬು ಎಳೆದುಕೊಂಡ ಹುಡುಗ ಅದನ್ನು ಹಲ್ಲಿನಲ್ಲೇ ಸುಲಿಯುತ್ತಾನೆ. ದೊಡ್ಡವರು ಕಬ್ಬನ್ನು ಬೈಯುತ್ತಾರೆ, ಕೈಗೆ ಬಿಸ್ಕತ್ತು ಕೊಡುತ್ತಾರೆ. ದವಡೆಯ ಬಿರುಕಿನಲ್ಲಿ ರಾತ್ರಿಯಿಡೀ ಅಂಟಿ ಕೂತ ಬಿಸ್ಕತ್ತು ಹೆಚ್ಚು ಕೆಡಿಸುತ್ತದೆ. ಹುಳುಕು ಲೆಕ್ಕ ಇಡುವುದು ಸಿಹಿಯ ತೂಕದ್ದಲ್ಲ, ಸಿಹಿ ಬಾಯಲ್ಲಿ ಉಳಿದ ಹೊತ್ತಿನದು.

ಮಹಾಲಿಂಗಪುರದ ಬೆಲ್ಲದ ಪೇಟೆಯಿಂದ ಬೆಲ್ಲ ಊರೂರಿಗೆ ಹೋಗುತ್ತದೆ. ಬೆಲ್ಲ ತಿಂದ ಮೇಲೆ ಬಾಯಿ ಮುಕ್ಕಳಿಸುವ ನೀರು ಊರಲ್ಲೇ ಇದೆ.

ಬಾಗಲಕೋಟೆ ಜಿಲ್ಲೆಯ ಕೆಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಮೂಳೆಯೊಳಗೆ ಕಟ್ಟಿಕೊಳ್ಳುತ್ತಿದ್ದ ಬಾಲ್ಯದಲ್ಲಿ ಕುಡಿದ ನೀರು ಹಲ್ಲು ಹುಟ್ಟಿದ ಮೇಲೆ ಕಂದು ಕಲೆಯಾಗಿ ಕಾಣುತ್ತದೆ. ಕಲೆಯ ಹಲ್ಲಿಗೆ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾಳೆ. ಆ ಹಲ್ಲಿನೊಳಗಿನ ತಿರುಳು ಆರೋಗ್ಯವಾಗಿರಬಹುದು. ಹಾಲು ಬಿಳುಪಿನ ಹಲ್ಲಿನೊಳಗೆ ಅದು ಸತ್ತಿರಬಹುದು.

ವಯಸ್ಸು ನಾಳವನ್ನು ಕಿರಿದು ಮಾಡುತ್ತದೆ. ಬದುಕಿದ ತಿರುಳು ಬದುಕಿರುವಷ್ಟು ದಿನ ಸುತ್ತಲೂ ಡೆಂಟಿನ್ ಕಟ್ಟುತ್ತ ತನ್ನ ಜಾಗವನ್ನು ತಾನೇ ತುಂಬಿಸಿಕೊಳ್ಳುತ್ತದೆ. ಹುಡುಗನ ಹಲ್ಲಿನಲ್ಲಿ ತಿರುಳು ಬೇಗ ತಾಗುತ್ತದೆ, ನಾಳ ಬೇಗ ಸಿಕ್ಕುತ್ತದೆ. ಮುದುಕನ ಹಲ್ಲಿನಲ್ಲಿ ಎರಡೂ ಇಲ್ಲ. ಸತ್ತ ತಿರುಳಿನ ನಾಳ ಮಾತ್ರ ಸತ್ತ ದಿನದ ಅಗಲದಲ್ಲೇ ನಿಲ್ಲುತ್ತದೆ: ಐವತ್ತರ ಬಾಯಲ್ಲಿ ಒಂದು ಬಾಚಿಹಲ್ಲಿನ ನಾಳ ಹದಿನೈದರ ಅಗಲದಲ್ಲಿದ್ದರೆ, ಹದಿನೈದರಲ್ಲಿ ಆ ಹುಡುಗ ಬಹುಶಃ ಬಿದ್ದು ಹಲ್ಲಿಗೆ ಪೆಟ್ಟು ಮಾಡಿಕೊಂಡಿದ್ದ.

ಬೀಸುಕಲ್ಲಿನ ಹಿಟ್ಟಿನಲ್ಲಿ ಕಲ್ಲಿನ ಪುಡಿಯೂ ಬರುತ್ತಿತ್ತು. ಕಟಕ ರೊಟ್ಟಿ ಅಗಿದು ಬಾಳಿದ ಹಿರಿಯರ ದವಡೆಹಲ್ಲಿನ ಮೇಲ್ಮೈ ಸವೆದು ತಗ್ಗಾಗಿದೆ. ಒಳಗೆ ತಿರುಳು ಅಷ್ಟೇ ಹಿಂದೆ ಸರಿದಿದೆ. ನಿಧಾನದ ಸವೆತಕ್ಕೆ ಹಲ್ಲು ಉತ್ತರ ಕಟ್ಟಿಕೊಳ್ಳುತ್ತದೆ. ಹುಳುಕು ಅಷ್ಟು ಸಮಯ ಕೊಡುವುದಿಲ್ಲ.

ರಬಕವಿಯ ಮಗ್ಗದ ಮುಂದೆ ಎಳೆ ಹರಿದಾಗಲೆಲ್ಲ ಹಲ್ಲಿನಲ್ಲಿ ಕಡಿದು ಗಂಟು ಹಾಕಿದವಳ ಬಾಚಿಹಲ್ಲಿನ ಅಂಚಿನಲ್ಲಿ ಒಂದು ತೋಡು. ಅದರ ನೇರಕ್ಕೆ ಒಳಗೆ ನಾಳ ಕಿರಿದಾಗಿದೆ. ಆಕೆ ನೇಯ್ದ ಸೀರೆಗಳು ಯಾರ ಮೈಮೇಲೋ ಹರಿದು ಹೋಗಿವೆ. ಲೆಕ್ಕ ಹಲ್ಲಿನಲ್ಲಿ ಉಳಿದಿದೆ.

"ಡಾಕ್ಟ್ರ, ಕಿತ್ತ ಒಗೀರಿ" ಎನ್ನುವವನು ತಿಳಿಗೇಡಿಯಲ್ಲ. ಕಬ್ಬು ಕಡಿಯುವ ದಿನಗಳಲ್ಲಿ ಮೂರು ಸಲ ಬಂದು ಹೋಗುವುದೆಂದರೆ ಮೂರು ದಿನದ ಕೂಲಿ. ಕೀಳುವುದು ಒಂದೇ ದಿನ. ಅವನ ಲೆಕ್ಕ ಸರಿಯಿದೆ. ಲೆಕ್ಕದಲ್ಲಿ ಮುಂದಿನ ಇಪ್ಪತ್ತು ವರ್ಷ ಸೇರಿಲ್ಲ. ಸೇರಿಸುವಷ್ಟು ಬಿಡುವು ಅವನಿಗೆ ಯಾರೂ ಕೊಟ್ಟಿಲ್ಲ.

ಕಿತ್ತ ಜಾಗ ಖಾಲಿ ಉಳಿಯುವುದಿಲ್ಲ. ಹಿಂದಿನ ಹಲ್ಲು ವಾಲುತ್ತದೆ, ಎದುರಿನದು ಇಳಿಯುತ್ತದೆ, ಸಂದಿಯಲ್ಲಿ ಅನ್ನ ಸಿಕ್ಕುತ್ತದೆ. ಒಂದು ಹಲ್ಲು ಕೀಳಿಸಿದವನು ಮೂರು ಹಲ್ಲಿನ ಸ್ಥಿತಿ ಬದಲಿಸಿದ.

ಬಾಗಲಕೋಟೆಯಲ್ಲಿ ಪಿ.ಎಂ. ನಾಡಗೌಡ ಸ್ಮಾರಕ ದಂತ ಕಾಲೇಜು ಇರುವುದರಿಂದ ಈ ಊರುಗಳ ದಾರಿ ಧಾರವಾಡದವರೆಗೆ ಹೋಗಬೇಕಿಲ್ಲ. ದಂತವಿದ್ಯೆ ಕಲಿಯುವವರಿಗೆ ಎಲ್ಲೆಡೆಯೂ ಮೊದಲ ಗುರು ಬಾಟಲಿಯಲ್ಲಿ ಕೂಡಿಟ್ಟ ಕಿತ್ತ ಹಲ್ಲು. ಯಾರದೋ ಬಾಯಲ್ಲಿ ಉಳಿಸಲಾಗದೆ ಹೋದದ್ದು ಇನ್ನೊಬ್ಬರ ಬಾಯಲ್ಲಿ ಉಳಿಸುವುದನ್ನು ಕಲಿಸುತ್ತದೆ. ಆ ಬಾಟಲಿಯಲ್ಲಿ ಮೊದಲ ದವಡೆಹಲ್ಲುಗಳೇ ಹೆಚ್ಚಿದ್ದರೆ ಅದು ಊರಿನ ಬಗ್ಗೆಯೂ ಹೇಳುತ್ತದೆ.

ಬಾಟಲಿಯ ಹಲ್ಲನ್ನು ಉದ್ದಕ್ಕೆ ಸೀಳಿ ನೋಡಬೇಕು. ತಾನೇ ತೊಳೆದು ತುಂಬಿ ಚೆನ್ನಾಯಿತೆಂದ ಹಲ್ಲನ್ನು ಸೀಳಿ ನೋಡುವುದು ಇನ್ನೂ ಒಳ್ಳೆಯದು.

ತುಂಬಿದ ದವಡೆಹಲ್ಲಿಗೆ ಕ್ಯಾಪ್ ಬೇಕು. ನಾಳಕ್ಕೆ ಹೋಗಲು ಕೊರೆದ ದಾರಿ ಹಲ್ಲಿನ ನಡುಮನೆಯನ್ನೇ ತೆಗೆದಿದೆ, ಉಳಿದದ್ದು ಗೋಡೆ. ನೋವು ಹೋದವನು ಕ್ಯಾಪಿಗೆ ಬರುವುದಿಲ್ಲ. ನಾಳ ಗೆದ್ದ ಹಲ್ಲು ಒಂದು ತುಣುಕು ಚಕ್ಕುಲಿಗೆ ಬೇರಿನವರೆಗೆ ಸೀಳುತ್ತದೆ.

ಒಮ್ಮೆ ತುಂಬಿದ ಹಲ್ಲು ಮತ್ತೆ ನೋವಾದರೆ ಹಳೆಯ ವೈದ್ಯನನ್ನು ದೂರುವ ಮುಂಚೆ ನಾಳ ಎಣಿಸಬೇಕು. ಮೇಲಿನ ಮೊದಲ ದವಡೆಹಲ್ಲಿನ ಎಕ್ಸ್‌ರೇಯಲ್ಲಿ ಮೂರು ಬಿಳಿ ಗೆರೆ ಕಂಡರೆ ಉತ್ತರ ಬಹುಪಾಲು ನಾಲ್ಕನೆಯದರಲ್ಲಿದೆ. ಅದನ್ನು ತೆರೆದು ತೊಳೆದರೆ, ಕೀಳಬೇಕೆಂದು ಬರೆದುಕೊಟ್ಟ ಹಲ್ಲು ಉಳಿಯುವುದುಂಟು.

ಬೇರಿನ ತುದಿಯಲ್ಲಿ ಕರಗಿದ ಮೂಳೆ ಎಕ್ಸ್‌ರೇಯಲ್ಲಿ ಕಪ್ಪು. ನಾಳ ಶುದ್ಧವಾದರೆ ಅಲ್ಲಿ ಮೂಳೆ ಮತ್ತೆ ತುಂಬಿಕೊಳ್ಳುತ್ತದೆ. ಬೇಗವೆಂದರೆ ತಿಂಗಳುಗಳು, ತಡವೆಂದರೆ ನಾಲ್ಕು ವರ್ಷ. ಒಂದು ವರ್ಷಕ್ಕೆ ಒಂದು ಚಿತ್ರ, ಕಪ್ಪು ಉಳಿದಿದ್ದರೆ ನಾಲ್ಕು ವರ್ಷದವರೆಗೆ ಮತ್ತೆ ಮತ್ತೆ ಚಿತ್ರ. ನೋವಿಲ್ಲದೆಯೂ ತಿರುಗಿ ಬಂದು ಬಾಯಿ ತೆರೆದವರ ಚಿತ್ರಗಳಿಂದಲೇ ಈ ವಿದ್ಯೆ ತಾನು ಯಾವ ನಾಳವನ್ನು ಮುಚ್ಚಿತು, ಯಾವುದನ್ನು ಬಿಟ್ಟಿತು ಎಂದು ಲೆಕ್ಕ ಹಾಕುತ್ತ ಬಂದಿದೆ.